ಆ ಹುಡುಗಿಯ ಬಾಜೂಕ ಕೂಡೋರು ಯಾರು?

(ಧಾರವಾಡ ಜಿಲ್ಲೆಯ ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಕೇಳಿದವರ ಒತ್ತಾಯಕ್ಕೆ ಬರೆದುಕೊಟ್ಟದ್ದು.)



ಭೂಮಿ, ಕೂಲಿ, ಮೀಸಲಾತಿ, ಹಾಸ್ಟೆಲಿನ ಊಟ ಇವುಗಳ ಬಗ್ಗೆ ಇಲ್ಲಿ ಸಾಕಷ್ಟು ಮಾತಾಗಿದೆ. ನಮಗೆ ಕೊಟ್ಟಿರುವ ವಿಷಯವನ್ನು ನಮ್ಮ ಸಭೆಗಳಲ್ಲಿ ಯಾರೂ ಎತ್ತುವುದಿಲ್ಲ. ಎತ್ತಿದರೆ ಎಲ್ಲರೂ ತಲೆ ಕೆಳಗೆ ಹಾಕಿ ಕೂಡುತ್ತೇವೆ. ಮಕ್ಕಳ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯ, ಮತ್ತು ಆ ಮಕ್ಕಳ ಪರವಾಗಿ ನಿಲ್ಲುವ ಕೆಲಸ. ಇವತ್ತಿನ ಮಾತು ಇದು.

ನಾವು ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿ ಕಡೆಯ ಹಳ್ಳಿಗಳಲ್ಲಿ ಈ ಕೆಲಸಕ್ಕಾಗಿ ಓಡಾಡುವವರು. ನಮ್ಮಲ್ಲಿ ಕರಿಕೋಟು ಹಾಕುವವರು ಒಬ್ಬಿಬ್ಬರು. ಉಳಿದವರು ನಿಮ್ಮ ಹಾಗೆ ಹಾಸ್ಟೆಲಿನಲ್ಲಿ ಓದಿ ಬಂದವರು. ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ನಾವು ಜೊತೆಗೆ ನಿಂತ ಯಾವ ಹುಡುಗಿಯ ಕತೆಯನ್ನೂ ಇಲ್ಲಿ ಹೇಳುವುದಿಲ್ಲ. ಹೆಸರು ತೆಗೆದು ಹೇಳಿದರೂ ಅದು ಹೇಳಿದಂತೆಯೇ. ನಮ್ಮ ಎರಿಸೀಮೆಯ ಊರುಗಳು ಸಣ್ಣವು. ಯಾವ ಶಾಲೆ, ಎಷ್ಟನೇ ಕ್ಲಾಸು, ಅಪ್ಪ ಯಾರ ಹೊಲದಲ್ಲಿ ದುಡಿಯುತ್ತಾನೆ, ಇಷ್ಟು ಹೇಳಿದರೆ ಸಾಕು, 'ಹೌದಾ, ಆಕಿನಾ' ಅಂತ ನಿಮ್ಮಲ್ಲೇ ಯಾರಾದರೂ ಅನ್ನುತ್ತೀರಿ. ಹಾಗಾಗಿ ಎಲ್ಲ ಊರಲ್ಲೂ ನಡೆಯುವ ರೀತಿಯ ಬಗ್ಗೆ, ಮತ್ತು ದೇಶದ ಮುಂದೆ ಈಗಾಗಲೇ ಬಂದಿರುವ ಪ್ರಕರಣಗಳ ಬಗ್ಗೆ ಮಾತ್ರ ಮಾತಾಡುತ್ತೇವೆ.

ಊರಾಗ ಏನಾಗ್ತೈತಿ?

ಹುಡುಗಿ ಹತ್ತಿ ಬಿಡಿಸಾಕ ಹೋಗಿರ್ತಾಳ, ಮೆಣಸಿನಕಾಯಿ ಹರಿಯಾಕ ಹೋಗಿರ್ತಾಳ, ಇಲ್ಲಾ ಬಯಲಕಡೆಗೆ ಹೋಗಿರ್ತಾಳ. ಅಥವಾ ಶಾಲೆಯಲ್ಲೇ ಇರುತ್ತಾಳೆ, ಸ್ವಂತ ಮನೆಯಲ್ಲೇ ಇರುತ್ತಾಳೆ. ಆದದ್ದನ್ನು ಅವ್ವನಿಗೆ ಹೇಳಲು ಆಕೆಗೆ ಎಂಟು ದಿನ ಬೇಕಾಗುತ್ತದೆ, ಕೆಲವೊಮ್ಮೆ ಎಂಟು ತಿಂಗಳು. ಅವ್ವ ಮೊದಲು ಹುಡುಗಿಗೇ ಎರಡು ಬಡಿಯುತ್ತಾಳೆ, ಆಮೇಲೆ ಅಪ್ಪಿಕೊಂಡು ಅಳುತ್ತಾಳೆ. ಅಪ್ಪ ಸಿಟ್ಟಿನಿಂದ ಏಳುತ್ತಾನೆ. ಅಷ್ಟರಲ್ಲಿ ಹಿರಿಯರು ಬಂದು ಕಟ್ಟೆಗೆ ಕೂಡುತ್ತಾರೆ.

'ಆದದ್ದು ಆಗಿ ಹೋತು. ಪೊಲೀಸು ಕೋರ್ಟು ಅಂದ್ರ ಹುಡುಗಿ ಹೆಸರು ಕೆಡತೈತಿ. ನಾಳಿ ಆಕಿನ್ನ ಯಾರು ಮಾಡ್ಕೋತಾರ? ನಾವೆಲ್ಲಾ ಇದ್ದೂರಾಗ ಇರಬೇಕಲ್ಲೋ ತಮ್ಮಾ. ಧಣ್ಯಾರು ಖರ್ಚಿಗೆ ಏನರ ಕೊಡ್ತಾರ. ಮುಚ್ಚಿ ಹಾಕ್ರಿ.'

ಇದಕ್ಕೆ ರಾಜಿ ಅನ್ನುತ್ತಾರೆ. ಈ ರಾಜಿಯಲ್ಲಿ ಹುಡುಗಿಯನ್ನು ಒಂದು ಮಾತು ಕೇಳಿರುವುದಿಲ್ಲ. ರಾಜಿಯಾದ ಮೇಲೆ ಆರೋಪಿ ಅದೇ ಓಣಿಯಲ್ಲಿ ಮೀಸೆ ತಿರುವಿಕೊಂಡು ಹೋಗುತ್ತಾನೆ. ಹುಡುಗಿಯ ಶಾಲೆ ಬಿಡಿಸುತ್ತಾರೆ. 15ಕ್ಕೋ 16ಕ್ಕೋ ದೂರದ ಸಂಬಂಧದಲ್ಲಿ ಲಗ್ನ ಮಾಡಿ ದಾಟಿಸುತ್ತಾರೆ. ಮೊದಲ ದೌರ್ಜನ್ಯದ ಮೇಲೆ ಎರಡನೆಯದನ್ನು ನಮ್ಮ ಕೈಯಿಂದಲೇ ಮಾಡುತ್ತೇವೆ, ಅದಕ್ಕೆ ಮರ್ಯಾದಿ ಅಂತ ಹೆಸರಿಡುತ್ತೇವೆ.

ಕೂಲಿಯವನ ಹೊಟ್ಟೆ ಧಣಿಯ ಕೈಯಲ್ಲಿದೆ. ಹೊಲ ಅವನದು, ಸಾಲದ ಚೀಟಿ ಅವನಲ್ಲಿದೆ, ಪಂಚಾಯಿತಿಯೂ ಅವನದೇ. ಹಾಗಾಗಿ ಬಡವನ ರಾಜಿಗೆ ಒಪ್ಪಿಗೆ ಅಂತ ಹೆಸರಿಟ್ಟರೆ ಅದು ಸುಳ್ಳು. ಅಪ್ಪ ಹೆಬ್ಬೆಟ್ಟು ಒತ್ತಿದ್ದಾನೆ ಅಂದರೆ ಅವನ ಹೆಬ್ಬೆಟ್ಟನ್ನು ಬೇರೆ ಯಾರೋ ಹಿಡಿದಿದ್ದಾರೆ ಅಂತ ಅರ್ಥ.

ರಾಜಿಯ ಕಾಗದ ಹರಿದದ್ದು

ಇದಕ್ಕೆ ಸುಪ್ರೀಂ ಕೋರ್ಟು ಒಂದು ಉತ್ತರ ಕೊಟ್ಟಿದೆ. ನಮ್ಮ ಹುಡುಗರೆಲ್ಲ ಬಾಯಿಪಾಠ ಮಾಡಬೇಕಾದ ಪ್ರಕರಣ. 2022ರ ಜನವರಿಯಲ್ಲಿ ರಾಜಸ್ಥಾನದಲ್ಲಿ ಒಬ್ಬ ದಲಿತ ವಿದ್ಯಾರ್ಥಿನಿಯ ಮೈಮೇಲೆ ಶಿಕ್ಷಕನೊಬ್ಬ ಕೈಹಾಕಿದ ಎಂದು ದೂರು ದಾಖಲಾಯಿತು. ಪೋಕ್ಸೊ ಕಾಯ್ದೆಯೂ ಬಿತ್ತು, ದೌರ್ಜನ್ಯ ತಡೆ ಕಾಯ್ದೆಯೂ ಬಿತ್ತು. ಸ್ವಲ್ಪ ದಿನದಲ್ಲೇ ಹುಡುಗಿಯ ಅಪ್ಪನಿಂದ ಸ್ಟಾಂಪ್ ಕಾಗದದ ಮೇಲೆ ಬರೆಸಿಕೊಂಡರು: ತಪ್ಪು ತಿಳುವಳಿಕೆಯಿಂದ ದೂರು ಕೊಟ್ಟಿದ್ದೆವು, ಕೇಸು ಬೇಡ. ಅಲ್ಲಿನ ಹೈಕೋರ್ಟು ಆ ಕಾಗದ ನೋಡಿ ಎಫ್‌ಐಆರ್ ರದ್ದು ಮಾಡಿತು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ರಾಮ್‌ಜಿ ಲಾಲ್ ಬೈರವಾ ಎಂಬವರು ಮತ್ತೊಬ್ಬರೊಡನೆ ಸುಪ್ರೀಂ ಕೋರ್ಟಿಗೆ ಹೋದರು. ಅವರು ಪ್ರಕರಣದಲ್ಲಿ ಪಕ್ಷಗಾರರೇ ಅಲ್ಲ, ಹೊರಗಿನವರು. 'ನಿಮಗೇನು ಸಂಬಂಧ?' ಎಂಬ ಪ್ರಶ್ನೆ ಅಲ್ಲೂ ಎದ್ದಿತು. 2024ರ ನವೆಂಬರ್ 7ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ಆದೇಶವನ್ನು ತಳ್ಳಿಹಾಕಿತು. ಮಗುವಿನ ಮೇಲಿನ ಇಂಥ ಅಪರಾಧ ಇಬ್ಬರ ನಡುವಿನ ಖಾಸಗಿ ಜಗಳವಲ್ಲ, ಇಡೀ ಸಮಾಜದ ವಿರುದ್ಧದ ಅಪರಾಧ, ರಾಜಿಯ ಕಾಗದದಿಂದ ಅದು ಅಳಿಸಿಹೋಗುವುದಿಲ್ಲ ಎಂದಿತು. ಕೇಸು ಮತ್ತೆ ಜೀವ ಪಡೆಯಿತು.

ಆದ್ದರಿಂದ 'ನಿಮಗೇನು ಸಂಬಂಧ?' ಅಂತ ಯಾರಾದರೂ ನಿಮ್ಮನ್ನು ಕೇಳಿದರೆ ಉತ್ತರ ಸಿದ್ಧವಿದೆ. ಸಂಬಂಧ ಐತಿ.

ಕಾನೂನು ಎಲ್ಲಿಂದ ಬಂತು?

ಕಾನೂನು ದೆಹಲಿಯಿಂದ ತಾನಾಗಿ ಇಳಿದು ಬಂದದ್ದಲ್ಲ. ನಮ್ಮಂಥವರ ಹೆಣ್ಣುಮಕ್ಕಳು ಅನುಭವಿಸಿದ್ದರಿಂದ ಬಂತು. 1972ರ ಮಾರ್ಚಿನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯ ಒಳಗೇ ಒಬ್ಬ ಆದಿವಾಸಿ ಕೂಲಿ ಹುಡುಗಿಯ ಮೇಲೆ ಅತ್ಯಾಚಾರವಾಯಿತು ಎಂದು ಇಬ್ಬರು ಪೊಲೀಸರ ಮೇಲೆ ಕೇಸು ನಡೆಯಿತು. ದೇಶ ಅದನ್ನು ಮಥುರಾ ಪ್ರಕರಣ ಎಂದು ಕರೆಯುತ್ತದೆ. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಬಿಡುಗಡೆ ಮಾಡಿತು. ಮೈಮೇಲೆ ಗಾಯವಿಲ್ಲ, ಆಕೆ ಕೂಗಿಕೊಂಡಿಲ್ಲ ಎಂಬುದೇ ಕಾರಣ. ಠಾಣೆಯೊಳಗೆ ಪೊಲೀಸರ ಮುಂದೆ ಬಡ ಹುಡುಗಿ ಯಾರನ್ನು ಕೂಗಬೇಕು? 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ನ್ಯಾಯಮೂರ್ತಿಗಳಿಗೆ ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾನೂನು ಬದಲಾಯಿತು. ಪೊಲೀಸರ ವಶದಲ್ಲಿ ನಡೆದ ಅತ್ಯಾಚಾರದಲ್ಲಿ 'ನಾನು ಒಪ್ಪಿರಲಿಲ್ಲ' ಎಂದು ಹೆಣ್ಣು ಹೇಳಿದರೆ ಕೋರ್ಟು ಅದನ್ನು ಮೊದಲು ನಂಬಬೇಕು, ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು, ಆಕೆಯ ಹೆಸರು ಅಚ್ಚು ಮಾಡುವುದು ಅಪರಾಧ ಎಂದಾಯಿತು.

ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆ 1989ರಲ್ಲಿ ಆಯಿತು, 2015ರಲ್ಲಿ ತಿದ್ದುಪಡಿಯಾಗಿ ಗಟ್ಟಿಯಾಯಿತು. ಮಕ್ಕಳಿಗೆಂದೇ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಿಂದ ಜಾರಿಗೆ ಬಂತು. 18 ತುಂಬದ ಹುಡುಗಿಗೂ ಹುಡುಗನಿಗೂ ಅದು ಒಂದೇ. ಈ ಮಾತನ್ನು ಹುಡುಗರು ಗಮನವಿಟ್ಟು ಕೇಳಿಸಿಕೊಳ್ಳಬೇಕು. ಹಾಸ್ಟೆಲಿನಲ್ಲಿ ಸಣ್ಣ ಹುಡುಗರ ಮೇಲೆ ದೊಡ್ಡವರು ಮಾಡುವುದನ್ನು ಚಾಷ್ಟಿ ಅಂತ ನಗುತ್ತೀರಲ್ಲ, ಅದೂ ಅಪರಾಧವೇ. ಆ ಹುಡುಗನೂ ರಾತ್ರಿ ನಿದ್ದೆ ಇಲ್ಲದೆ ಇರುತ್ತಾನೆ. 'ಗಂಡಸಾಗಿ ಅಳ್ತೀಯೇನಲೇ' ಅಂತ ನೀವೇ ಅವನ ಬಾಯಿ ಹೊಲಿದಿರುತ್ತೀರಿ.

ಕಾನೂನು ಒಳ್ಳೆಯದೇ ಇದೆ. ಆದರೆ ಕಾನೂನು ಪುಸ್ತಕದಲ್ಲಿರುತ್ತದೆ, ಹುಡುಗಿ ನವಲಗುಂದದ ಬಸ್‌ಸ್ಟ್ಯಾಂಡಿನಲ್ಲಿರುತ್ತಾಳೆ. ಎರಡರ ನಡುವೆ ಒಬ್ಬ ಮನುಷ್ಯ ಬೇಕು. ನಮ್ಮ ಕೆಲಸ ಅದು.

ಬಾಜೂಕ ಕೂಡುವ ಕೆಲಸ ಅಂದರೇನು?

2020ರ ಪೋಕ್ಸೊ ನಿಯಮಗಳಲ್ಲಿ 'ಬೆಂಬಲ ವ್ಯಕ್ತಿ' ಎಂಬ ಮಾತಿದೆ. ತನಿಖೆಯಿಂದ ಹಿಡಿದು ವಿಚಾರಣೆ ಮುಗಿಯುವ ತನಕ ಮಗುವಿನ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿ ಒಬ್ಬರನ್ನು ನೇಮಿಸಬಹುದು. ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಂಥವರ ಪಟ್ಟಿ ಇಟ್ಟಿರಬೇಕು. 2023ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಗಂಭೀರವಾಗಿ ತೆಗೆದುಕೊಂಡು, ಏನೂ ತಿಳಿಯದ ತಂದೆತಾಯಿ ಕೇಳಿದರೆ ಕೊಡುತ್ತೇವೆ ಎಂದು ಕೂಡಬಾರದು ಎಂದಿತು. ನಡೆದು ಬಂದ ದಾರಿಯಿಂದ ನಾವು ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇವೆ.

1. ಮೊದಲು ಕೇಳಿಸಿಕೊಳ್ಳುವವರು ನೀವೇ. ಹುಡುಗಿ ಪೊಲೀಸರಿಗೆ ಹೇಳುವ ಮೊದಲು, ಅವ್ವನಿಗೆ ಹೇಳುವ ಮೊದಲು ಬಾಜೂ ಹಾಸಿಗೆಯ ಗೆಳತಿಗೆ ಹೇಳುತ್ತಾಳೆ. ಆಗ ಹೇಳಬೇಕಾದದ್ದು ಮೂರೇ ಮಾತು. 'ಹೇಳಿದ್ದು ಚಲೋ ಮಾಡಿದಿ. ತಪ್ಪು ನಿಂದಲ್ಲ. ನಾ ನಿನ್ನ ಜೋಡಿ ಇರ್ತೀನಿ.' ಯಾಕ ಹೋಗಿದ್ದಿ, ಯಾಕ ಕೂಗಲಿಲ್ಲ, ಇಷ್ಟು ದಿನ ಏನ್ ಮಾಡ್ತಿದ್ದಿ ಅನ್ನುವ ಪ್ರಶ್ನೆ ಬೇಡ. ಅವು ಆರೋಪಿಯ ವಕೀಲರು ಕೇಳುವ ಪ್ರಶ್ನೆ. 'ಯಾರಿಗೂ ಹೇಳಂಗಿಲ್ಲ' ಅಂತ ಆಣೆ ಮಾಡಲೂ ಬೇಡಿ. ಗೊತ್ತಾದವರು ಪೊಲೀಸರಿಗೆ ತಿಳಿಸಬೇಕು ಎಂದು ಕಾಯ್ದೆಯ 19ನೇ ಕಲಮು ಹೇಳುತ್ತದೆ. ಮುಚ್ಚಿಟ್ಟರೆ 6 ತಿಂಗಳವರೆಗೆ ಜೈಲು, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ 1 ವರ್ಷದವರೆಗೆ. ತಿಳಿಸದ ಮಗುವಿಗೆ ಮಾತ್ರ ಶಿಕ್ಷೆ ಇಲ್ಲ. ಹಾಗಾಗಿ ಆಕೆಗೆ ನಿಜ ಹೇಳಿ: 'ಇದನ್ನ ಹೇಳಬೇಕಾಗ್ತೈತಿ, ಆದ್ರ ನಿನ್ನ ಒಬ್ಬಾಕಿನ್ನ ಕಳಿಸಂಗಿಲ್ಲ.'

2. ಕತೆಯನ್ನು ಹತ್ತು ಬಾರಿ ಹೇಳಿಸಬೇಡಿ. ವಾರ್ಡನ್, ಹೆಡ್ಮಾಸ್ತರು, ಸಂಘಟನೆಯ ಅಧ್ಯಕ್ಷರು, ಪತ್ರಿಕೆಯವರು, ಎಲ್ಲರೂ 'ಹೇಳವ್ವ ಏನಾತು' ಅಂತ ಕೂಡುತ್ತಾರೆ. ಪ್ರತಿ ಸಲ ಹೇಳುವಾಗ ಆಕೆ ಮತ್ತೆ ಅಲ್ಲಿಗೆ ಹೋಗಿ ಬರುತ್ತಾಳೆ. ಹತ್ತು ಸಲ ಹೇಳಿದ್ದರಲ್ಲಿ ಎರಡು ಮಾತು ಹೆಚ್ಚುಕಡಿಮೆ ಆದರೆ ಪಾಟೀ ಸವಾಲಿನಲ್ಲಿ ಅದೇ ಹಗ್ಗವಾಗುತ್ತದೆ. ಮೊದಲು ಹೇಳಿದ್ದನ್ನು ಆಕೆಯ ಮಾತಿನಲ್ಲೇ, ತಾರೀಖು ಸಮೇತ ಬರೆದಿಡಿ. ಮೊಬೈಲಿನಲ್ಲಿ ವಿಡಿಯೋ ಮಾಡಬೇಡಿ.

3. ಹೇಳಿಕೆ ಕೊಡಲು ಮಗು ಠಾಣೆಗೆ ಹೋಗಬೇಕಾಗಿಲ್ಲ. ಮನೆಗೆ ಬಂದು, ಇಲ್ಲವೇ ಮಗು ಹೇಳಿದ ಜಾಗಕ್ಕೆ ಬಂದು, ಸಾಧ್ಯವಾದಷ್ಟು ಸಬ್ ಇನ್ಸ್‌ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಖಾಕಿ ಬಟ್ಟೆ ಹಾಕದೆ ಬರೆದುಕೊಳ್ಳಬೇಕು. ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೇಳಿಕೆಯ ಹೊತ್ತಿಗೆ ತಂದೆತಾಯಿ ಅಥವಾ ಮಗು ನಂಬಿದ ಯಾರಾದರೂ ಜೊತೆಗಿರಬಹುದು. ಆ 'ಯಾರಾದರೂ' ನೀವಾಗಬಹುದು. ಎಫ್‌ಐಆರ್ ಪ್ರತಿ ಬಿಟ್ಟಿ ಕೊಡಬೇಕು. 'ಇದು ನಮ್ಮ ಹದ್ದಲ್ಲ' ಎನ್ನುವಂತಿಲ್ಲ. ಯಾವ ಠಾಣೆಯಲ್ಲಾದರೂ ದಾಖಲಿಸಿ ವರ್ಗಾಯಿಸಬೇಕು.

4. ದವಾಖಾನೆ. ಬಟ್ಟೆ ಒಗೆಯಬೇಡಿ, ಕಾಗದದ ಚೀಲದಲ್ಲಿಡಿ. ತಡವಾಗಿದ್ದರೂ ಹೋಗಿ. ಎಫ್‌ಐಆರ್ ತಂದರೇ ಚಿಕಿತ್ಸೆ ಎನ್ನುವ ಹಾಗಿಲ್ಲ, ಖಾಸಗಿ ದವಾಖಾನೆಯಾದರೂ ಮೊದಲ ಚಿಕಿತ್ಸೆ ಬಿಟ್ಟಿ. ಹುಡುಗಿಯನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು. ಎರಡು ಬೆರಳಿನ ಪರೀಕ್ಷೆ ಎಂಬ ಅವಮಾನವನ್ನು ಮಾಡುವ ವೈದ್ಯರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಹೇಳಿದೆ. ಆ ತೀರ್ಪು ಗೊತ್ತಿರುವ ಒಬ್ಬರು ಕೋಣೆಯ ಹೊರಗೆ ನಿಂತಿದ್ದರೆ ಒಳಗಿನ ನಡೆ ಬದಲಾಗುತ್ತದೆ.

5. ಎರಡು ಕಾಗದ. ಒಂದು ವಯಸ್ಸಿನದು, ಒಂದು ಜಾತಿಯದು. ವಯಸ್ಸಿಗೆ ಶಾಲೆಯ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ, ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ದಾಖಲೆ. ಟಿಸಿ ಒಂದನ್ನೇ ನಂಬಿ ಕೂಡಬೇಡಿ, ಅದು ಸಾಲದು ಎಂದು 2023ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಜಾತಿಯ ಮಾತು ಇನ್ನೂ ಮುಖ್ಯ. ಆಂಧ್ರದಲ್ಲಿ ಕಣ್ಣು ಕಾಣದ ಒಬ್ಬ ದಲಿತ ತರುಣಿಯ ಪ್ರಕರಣದಲ್ಲಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಅತ್ಯಾಚಾರಕ್ಕೆ ಜೀವಾವಧಿಯನ್ನು ಎತ್ತಿಹಿಡಿಯಿತು. ಜಾತಿ, ಹೆಣ್ಣುತನ, ಅಂಗವೈಕಲ್ಯ ಮೂರೂ ಕೂಡಿ ಆಕೆಯನ್ನು ಹೇಗೆ ತುಳಿದವು ಎಂದು ಪುಟಗಟ್ಟಲೆ ಬರೆಯಿತು. ಆದರೆ ದೌರ್ಜನ್ಯ ತಡೆ ಕಾಯ್ದೆಯ ಶಿಕ್ಷೆಯನ್ನು ರದ್ದು ಮಾಡಿತು. ಜಾತಿಯ ಕಾರಣಕ್ಕೇ ನಡೆದದ್ದು ಎಂಬುದಕ್ಕೆ ಸಾಕ್ಷ್ಯವೇ ಇರಲಿಲ್ಲ. ಅದು ಹಳೆಯ ಕಾಯ್ದೆ. 2016ರ ಜನವರಿ 26ರಿಂದ ಜಾರಿಯಾದ ತಿದ್ದುಪಡಿಯ ಪ್ರಕಾರ ಆಕೆ ದಲಿತಳೆಂದು ಆರೋಪಿಗೆ ಗೊತ್ತಿದ್ದರೆ ಸಾಕು, ಮನೆತನದ ಪರಿಚಯ ಇದ್ದರೆ ಗೊತ್ತಿತ್ತೆಂದೇ ಕೋರ್ಟು ತಿಳಿಯುತ್ತದೆ. ಒಂದೇ ಊರಿನಲ್ಲಿದ್ದು 'ಆಕಿ ಯಾವ ಕೇರಿಯಾಕಿ ನನಗ ಗೊತ್ತಿಲ್ಲ' ಅನ್ನಲು ಬರುವುದಿಲ್ಲ. ಆದರೆ ಇದು ಮೊದಲ ದೂರಿನಲ್ಲೇ ಬರೆದಿರಬೇಕು. ಬರೆಸುವುದು ನಮ್ಮ ಕೆಲಸ. ಬರೆಸಿದರೆ ತನಿಖೆ ಡಿವೈಎಸ್‌ಪಿ ಮಟ್ಟಕ್ಕೆ ಏರುತ್ತದೆ, ಆರೋಪಿಗೆ ನಿರೀಕ್ಷಣಾ ಜಾಮೀನಿನ ದಾರಿ ಕಟ್ಟಾಗುತ್ತದೆ, ಜಾಮೀನು ಅರ್ಜಿ ಬಂದಾಗ ನೊಂದವರಿಗೆ ನೋಟೀಸು ಬರಬೇಕಾಗುತ್ತದೆ.

6. ರೊಕ್ಕದ ಮಾತು. ನಾಚಿಕೆ ಬೇಡ. ಕುಂದಗೋಳದ ಹಳ್ಳಿಯಿಂದ ಹುಬ್ಬಳ್ಳಿಗೋ ಧಾರವಾಡಕ್ಕೋ ಕೋರ್ಟಿಗೆ ಬರುವುದೆಂದರೆ ಅವ್ವ ಅಪ್ಪ ಇಬ್ಬರ ದಿನಗೂಲಿ ಹೋಯಿತು. ಹತ್ತು ತಾರೀಖಾದರೆ ಹತ್ತು ದಿನದ ಉಪವಾಸ. ಸಾಕ್ಷಿ ತಿರುಗಿಬೀಳುವುದು ಈ ಹಸಿವಿನಿಂದ. ಅದಕ್ಕೇ ಊಟ, ಬಟ್ಟೆ, ಓಡಾಟಕ್ಕೆ ತಕ್ಷಣದ ನೆರವು ಕೊಡಿಸಲು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು. ವಿಶೇಷ ನ್ಯಾಯಾಲಯ ತೀರ್ಪಿಗೆ ಮೊದಲೇ ಮಧ್ಯಂತರ ಪರಿಹಾರ ಕೊಡಬಹುದು. ದೌರ್ಜನ್ಯ ತಡೆ ನಿಯಮಗಳಲ್ಲಿ 2016ರಿಂದ ಅತ್ಯಾಚಾರಕ್ಕೆ 5 ಲಕ್ಷ ರೂಪಾಯಿ ಇದೆ. ಅರ್ಧ ವೈದ್ಯಕೀಯ ವರದಿಯ ಮೇಲೆ, ಕಾಲುಭಾಗ ಚಾರ್ಜ್‌ಶೀಟಿನ ಮೇಲೆ, ಉಳಿದ ಕಾಲುಭಾಗ ಕೆಳ ನ್ಯಾಯಾಲಯದ ವಿಚಾರಣೆ ಮುಗಿದ ಮೇಲೆ. ಇದು ಧಣಿ ಕೊಡುವ ಮುಚ್ಚುವ ರೊಕ್ಕ ಅಲ್ಲ, ಸರಕಾರ ಕೊಡಬೇಕಾದ ಹಕ್ಕು. ಅರ್ಜಿ ಬರೆದು ಬೆನ್ನುಹತ್ತದಿದ್ದರೆ ಕಡತ ಕಪಾಟಿನಲ್ಲೇ ಮಲಗುತ್ತದೆ.

7. ಸಾಕ್ಷಿಕಟ್ಟೆಯ ದಿನ. ಮೊದಲೇ ಒಂದು ದಿನ ಆಕೆಯನ್ನು ಕರೆದುಕೊಂಡು ಹೋಗಿ ಕೋರ್ಟು ತೋರಿಸುತ್ತೇವೆ. ನ್ಯಾಯಾಧೀಶರು ಎಲ್ಲಿ ಕೂಡುತ್ತಾರೆ, ಆಕೆ ಎಲ್ಲಿರಬೇಕು, ನೀರು ಎಲ್ಲಿ ಸಿಗುತ್ತದೆ ಎಂದು ತೋರಿಸುತ್ತೇವೆ. ಏನು ಹೇಳಬೇಕು ಎಂದು ಮಾತ್ರ ಕಲಿಸುವುದಿಲ್ಲ. ಕಲಿಸಿದರೆ ಅದು ಆಕೆಯ ಮಾತಾಗಿ ಉಳಿಯುವುದಿಲ್ಲ. ವಕೀಲರು ಪ್ರಶ್ನೆಯನ್ನು ನ್ಯಾಯಾಧೀಶರಿಗೆ ಕೊಡಬೇಕು, ಅವರು ಮಗುವಿಗೆ ಕೇಳಬೇಕು. ಆರೋಪಿ ಆಕೆಯ ಕಣ್ಣಿಗೆ ಬೀಳಬಾರದು. ನಡತೆ ಕೆದಕುವ ಪ್ರಶ್ನೆ ಕೂಡದು. ದಣಿವಾದರೆ ಬಿಡುವು ಕೊಡಬೇಕು. ಇದೆಲ್ಲ 33, 36ನೇ ಕಲಮುಗಳಲ್ಲಿದೆ. ನಡೆಯದಿದ್ದಾಗ ಎದ್ದು ನಿಂತು ವಿನಯದಿಂದ ನೆನಪಿಸಲು ಆಕೆಯ ಪರ ವಕೀಲರು ಬೇಕು. 40ನೇ ಕಲಮು ಆ ಹಕ್ಕು ಕೊಟ್ಟಿದೆ. ವಕೀಲರಿಗೆ ಕೊಡಲು ರೊಕ್ಕವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಬಿಟ್ಟಿ ಕೊಡುತ್ತದೆ.

ಘೋಷಣೆಯ ಹೊತ್ತು, ಮೌನದ ಹೊತ್ತು

ಈಗ ಚಳವಳಿಗೆ ಸ್ವಲ್ಪ ಕಹಿಯಾಗುವ ಮಾತು. ನಮಗೆ ಮೆರವಣಿಗೆ ಮಾಡುವುದು ಗೊತ್ತು, ತಹಸೀಲ್ದಾರರ ಕಚೇರಿ ಮುಂದೆ ಕೂಗುವುದು ಗೊತ್ತು. ಭೂಮಿಯ ಹೋರಾಟದಲ್ಲಿ ಅದೇ ನಮ್ಮ ಬಲ. ಈ ಕೆಲಸದಲ್ಲಿ ಮಾತ್ರ ಅದು ಎರಡು ಅಲಗಿನ ಕತ್ತಿ. ದೂರು ತೆಗೆದುಕೊಳ್ಳದಿದ್ದರೆ, ಚಾರ್ಜ್‌ಶೀಟ್ ಹಾಕದಿದ್ದರೆ ಕೂಗಬೇಕು, ಗಟ್ಟಿಯಾಗಿ ಕೂಗಬೇಕು. ಆದರೆ ಹುಡುಗಿಯ ಫೋಟೋ ಹಿಡಿದು ಅಲ್ಲ, ಊರ ಹೆಸರು ಬ್ಯಾನರಿಗೆ ಬರೆದು ಅಲ್ಲ, ಅವ್ವನನ್ನು ವೇದಿಕೆಗೆ ಹತ್ತಿಸಿ ಅಳಿಸಿ ಅಲ್ಲ. ಗುರುತು ಹೊರಗೆ ಬಿಡುವುದು ಕಾನೂನಿನಲ್ಲೂ ಅಪರಾಧ. ಮೆರವಣಿಗೆ ಸಂಜೆಗೆ ಮುಗಿಯುತ್ತದೆ. ಮರುದಿನ ಆಕೆ ಅದೇ ಬಸ್ಸಿನಲ್ಲಿ ಶಾಲೆಗೆ ಹೋಗಬೇಕು.

2022ರ ಆಗಸ್ಟಿನಲ್ಲಿ ಚಿತ್ರದುರ್ಗದ ಮಠವೊಂದರ ವಸತಿನಿಲಯದಲ್ಲಿ ಓದುತ್ತಿದ್ದ ಇಬ್ಬರು ಬಾಲಕಿಯರು ಮೈಸೂರಿನ ಒಡನಾಡಿ ಸಂಸ್ಥೆಯ ನೆರವು ಕೇಳಿದರು. ಮಕ್ಕಳ ಕಲ್ಯಾಣ ಸಮಿತಿಯ ಮೂಲಕ ಮೈಸೂರಿನಲ್ಲೇ ದೂರು ದಾಖಲಾಗಿ ಚಿತ್ರದುರ್ಗಕ್ಕೆ ವರ್ಗವಾಯಿತು. ಮಠಾಧೀಶರ ಬಂಧನವಾಯಿತು. 2025ರ ನವೆಂಬರಿನಲ್ಲಿ ಚಿತ್ರದುರ್ಗದ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ತಪ್ಪು ಒಪ್ಪುಗಳನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ, ಆ ಮಾತಿಗೆ ನಾವು ಹೋಗುವುದಿಲ್ಲ. ನಮಗೆ ಎರಡು ಪಾಠಗಳಿವೆ. ಮಗು ತನ್ನ ಊರಿನ ಬಾಗಿಲು ಬಡಿಯಲು ಹೆದರಿದರೆ ದೂರದ ಬಾಗಿಲಾದರೂ ತೆರೆದಿರಬೇಕು. ವಿಚಾರಣೆಯನ್ನು ಸಾಧ್ಯವಾದಷ್ಟು ಒಂದು ವರ್ಷದಲ್ಲಿ ಮುಗಿಸಬೇಕು ಎಂದು ಪೋಕ್ಸೊ ಹೇಳಿದರೂ ಅಲ್ಲಿ ಮೂರು ವರ್ಷ ದಾಟಿತು. ಅಷ್ಟು ದಿನ ದೂರು ಕೊಟ್ಟ ಮಕ್ಕಳ ಓದು, ಊಟ, ಮನಸ್ಸು ನೋಡಿಕೊಳ್ಳುವವರು ಬೇಕು. ತೀರ್ಪು ಯಾವ ಕಡೆಗೆ ಬಂದರೂ ಬೇಕು.

ಇನ್ನೊಂದು ಮಾತು ನಮ್ಮ ಜಿಲ್ಲೆಯದೇ. 2025ರ ಏಪ್ರಿಲ್ 13ರಂದು ಹುಬ್ಬಳ್ಳಿಯಲ್ಲಿ 5 ವರ್ಷದ ಮಗುವನ್ನು ಎತ್ತಿಕೊಂಡು ಹೋಗಿ ಕೊಂದರು. ಅದೇ ದಿನ ಆರೋಪಿ ಪೊಲೀಸರ ಗುಂಡಿಗೆ ಸತ್ತ. ಜನ ಪೊಲೀಸರನ್ನು ಕೊಂಡಾಡಿದರು. ಮರುದಿನ ಬಾಬಾಸಾಹೇಬರ ಜಯಂತಿ. ಆ ಸಿಟ್ಟು ನಮಗೆ ಅರ್ಥವಾಗುತ್ತದೆ, ನಮ್ಮ ಕರುಳೂ ಉರಿದಿತ್ತು. ಆದರೆ ಯೋಚನೆ ಮಾಡಿ. ರಾಷ್ಟ್ರೀಯ ಅಪರಾಧ ದಾಖಲೆಗಳ ಲೆಕ್ಕದಲ್ಲಿ ವರ್ಷವರ್ಷವೂ ಅತ್ಯಾಚಾರ ಪ್ರಕರಣಗಳಲ್ಲಿ 100ಕ್ಕೆ 90ಕ್ಕೂ ಹೆಚ್ಚು ಆರೋಪಿಗಳು ಹುಡುಗಿಗೆ ಗುರುತಿನವರೇ. ಮಾಸ್ತರ, ಕಾಕಾ, ಧಣಿ, ಪಕ್ಕದ ಮನೆಯವನು. ಆ ಗುಂಡು ಧಣಿಯ ವಾಡೆಯ ಕಡೆಗೆ ಎಂದಾದರೂ ಹಾರಿದೆಯೇ? ಕೋರ್ಟಿಲ್ಲದೆ ಕೊಲ್ಲುವ ಬಂದೂಕು ಕೊನೆಗೆ ತಿರುಗುವುದು ಕೇರಿಯ ಕಡೆಗೇ. ಬಾಬಾಸಾಹೇಬರು ನಮ್ಮ ಕೈಗೆ ಕೊಟ್ಟದ್ದು ಸಂವಿಧಾನ. ನಿಧಾನವಾದರೂ ಅದೇ ದಾರಿ.

ಕೇರಿಯೊಳಗಿನವನಾದರೆ?

ಆರೋಪಿ ಮೇಲ್ಜಾತಿಯವನಾದರೆ ನಮ್ಮ ಬಾಯಿ ದೊಡ್ಡದು. ನಮ್ಮ ಕೇರಿಯವನೇ ಆದರೆ? ನಮ್ಮ ಸಂಘಟನೆಯವನೇ ಆದರೆ? 'ಚಳವಳಿಗೆ ಕೆಟ್ಟ ಹೆಸರು ಬರ್ತೈತಿ, ಒಳಗ ಬಗೆಹರಿಸ್ಕೊಳ್ಳೋಣ' ಅನ್ನುತ್ತೇವೆ. ಇದೂ ಧಣಿಯ ಕಟ್ಟೆಯ ರಾಜಿಯೇ, ನೀಲಿ ಬಾವುಟ ಹೊದಿಸಿದ್ದೇವೆ ಅಷ್ಟೇ. ಮಗುವಿಗೆ ಆದ ಗಾಯಕ್ಕೆ ಜಾತಿ ಇಲ್ಲ. ನಮ್ಮವನಿರಲಿ, ದೂರು ದೂರೇ.

ದೇವರ ಹೆಸರಿನಲ್ಲಿ ನಡೆದದ್ದನ್ನೂ ನೆನೆಯಬೇಕು. ನವಲಗುಂದದಿಂದ ಸವದತ್ತಿ ದೂರವಿಲ್ಲ. ನಮ್ಮದೇ ಕೇರಿಗಳ ಎಳೆಯ ಹುಡುಗಿಯರಿಗೆ ಮುತ್ತು ಕಟ್ಟಿ ಎಲ್ಲಮ್ಮನ ಹೆಸರಿಗೆ ಬಿಟ್ಟರು. 1934ರ ಮುಂಬಯಿ ಕಾಯ್ದೆ ಬಂತು, 1982ರ ಕರ್ನಾಟಕ ಕಾಯ್ದೆ ಬಂತು. ಊರು ಅದನ್ನು ಪದ್ಧತಿ ಅಂದಿತು. ಅದು ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವೇ. ಆದರೆ ಅಲ್ಲಿಂದಲೇ ನಮ್ಮ ಗುರುಗಳೂ ಬಂದರು. ಸೀತವ್ವ ಜೋಡಟ್ಟಿ ಅವರನ್ನು 7ನೇ ವಯಸ್ಸಿನಲ್ಲಿ ಬಿಟ್ಟಿದ್ದರು. ಅವರೂ ಅವರಂಥ ನೂರಾರು ಹೆಂಗಸರೂ ಕೂಡಿ ಬೆಳಗಾವಿ ಜಿಲ್ಲೆಯ ಘಟಪ್ರಭಾದಲ್ಲಿ 1997ರಿಂದ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆಯನ್ನು ಕಟ್ಟಿ, ಹೊಸ ಹುಡುಗಿಯರಿಗೆ ಮುತ್ತು ಕಟ್ಟುವುದನ್ನು ಊರೂರಿಗೆ ಹೋಗಿ ತಡೆದರು. 2018ರಲ್ಲಿ ಸೀತವ್ವನವರಿಗೆ ಪದ್ಮಶ್ರೀ ಬಂತು. ತಾನು ಬಿದ್ದ ಬಾವಿಗೆ ಇನ್ನೊಬ್ಬಳು ಬೀಳದಂತೆ ಕಟ್ಟೆ ಕಟ್ಟಿದವರು ಅವರು. ಇಂಗ್ಲಿಷ್ ಕಾನೂನು ಓದಿ ಬಂದವರಿಗಿಂತ ಈ ಅವ್ವಂದಿರಿಂದ ನಾವು ಹೆಚ್ಚು ಕಲಿತಿದ್ದೇವೆ.

ಪ್ರೀತಿಯ ಕೇಸುಗಳ ಬಗ್ಗೆ ನೀವು ಕೇಳಿಯೇ ಕೇಳುತ್ತೀರಿ. 17ರ ಹುಡುಗಿ, 19ರ ಹುಡುಗ, ಜಾತಿ ಬೇರೆ, ಮನಸ್ಸು ಒಂದು. ಓಡಿಹೋದರೆ ಹುಡುಗಿಯ ಮನೆಯವರು ಪೋಕ್ಸೊ ಹಾಕಿಸುತ್ತಾರೆ, ದಲಿತ ಹುಡುಗ ಜೈಲಿಗೆ ಹೋಗುತ್ತಾನೆ. ಧಾರವಾಡದ ಹೈಕೋರ್ಟ್ ಪೀಠವೇ 2022ರ ನವೆಂಬರ್ 4ರಂದು ಇಂಥ ಒಂದು ಪ್ರಕರಣದಲ್ಲಿ ವಯಸ್ಸಿನ ಮಿತಿಯ ಬಗ್ಗೆ ಕಾನೂನು ಆಯೋಗ ಮತ್ತೆ ಯೋಚಿಸಲಿ ಎಂದಿತು, 9ನೇ ಕ್ಲಾಸಿನಿಂದಲೇ ಮಕ್ಕಳಿಗೆ ಈ ಕಾಯ್ದೆಯನ್ನು ತಿಳಿಸಬೇಕು ಎಂದಿತು. 2023ರಲ್ಲಿ ಕಾನೂನು ಆಯೋಗ 18ನ್ನು ಇಳಿಸುವುದು ಬೇಡ ಎಂದು ವರದಿ ಕೊಟ್ಟಿತು. ಇವತ್ತಿನ ಕಾನೂನು 18. ಹುಡುಗರು ಇದನ್ನು ತಿಳಿದು ನಡೆಯಬೇಕು. ನಾವೂ ಇಂಥ ಕಡೆ ಮೊದಲು ಹುಡುಗಿಯ ಬಾಜೂಕ ಕೂತು ಆಕೆ ಏನು ಹೇಳುತ್ತಾಳೆ ಎಂದು ಕೇಳುತ್ತೇವೆ. ಮನೆಯವರ ಮಾತನ್ನು ಆಕೆಯ ಬಾಯಿಗೆ ತುರುಕುವುದಿಲ್ಲ, ನಮ್ಮ ಮಾತನ್ನೂ ತುರುಕುವುದಿಲ್ಲ. ಆದರೆ 'ಪ್ರೀತಿ ಇತ್ತು' ಎಂಬುದನ್ನು ನೆಪ ಮಾಡಿಕೊಂಡು ಹೆದರಿಸಿ ಒಲಿಸಿಕೊಂಡವನಿಗೆ ನಮ್ಮ ನೆರಳೂ ಸಿಗಬಾರದು.

ಗೆಲುವಿನ ಲೆಕ್ಕ

ಎಷ್ಟು ಜನರಿಗೆ ಶಿಕ್ಷೆ ಕೊಡಿಸಿದಿರಿ ಎಂದು ನಮ್ಮನ್ನು ಕೇಳುತ್ತಾರೆ. ಶಿಕ್ಷೆ ಬೇಕು. ನಮ್ಮ ಲೆಕ್ಕ ಅದರ ಜೊತೆಗೆ ಇನ್ನೊಂದಿದೆ. ಹುಡುಗಿ ಶಾಲೆಗೆ ಮರಳಿ ಹೋದಳೇ? ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತಳೇ? 18 ತುಂಬುವ ಮೊದಲು ಲಗ್ನ ಮಾಡಿ ದಾಟಿಸುವುದನ್ನು ತಡೆದೆವೇ? ಊರಿನ ಓಣಿಯಲ್ಲಿ ತಲೆ ಎತ್ತಿ ನಡೆದಳೇ? ತಲೆ ತಗ್ಗಿಸಬೇಕಾದವನು ಅವನು ಎಂಬುದು ಆಕೆಗೆ ತಿಳಿಯಿತೇ? ಈ ಪ್ರಶ್ನೆಗಳಿಗೆ ಹೌದು ಎನ್ನುವ ಹಾಗಾದರೆ ಅರ್ಧ ಗೆದ್ದೆವು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಮಾಜಕಾರ್ಯ ಓದುವವರು, ಹುಬ್ಬಳ್ಳಿ ನವನಗರದ ಕಾನೂನು ವಿಶ್ವವಿದ್ಯಾಲಯದಲ್ಲಿ ವಕೀಲಿಕೆ ಓದುವವರು ಇಲ್ಲಿ ಇದ್ದೀರಿ. ಓದು ಮುಗಿದ ಮೇಲೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಬೆಂಬಲ ವ್ಯಕ್ತಿಗಳ ಪಟ್ಟಿಗೆ ಹೆಸರು ಕೊಡಿ. ಆ ಪಟ್ಟಿಯಲ್ಲಿ ನಮ್ಮ ಕೇರಿಗಳ ಹೆಣ್ಣುಮಕ್ಕಳ ಹೆಸರು ಇರಬೇಕು. ನಮ್ಮ ಹುಡುಗಿ 'ಯವ್ವಾ' ಅಂದಾಗ ಆ ದನಿಯಲ್ಲಿ ಏನಿದೆ ಎಂದು ನಮ್ಮವರಿಗೆ ಬೇಗ ತಿಳಿಯುತ್ತದೆ. ಉಳಿದವರು ಈ ರಾತ್ರಿಯೇ ಒಂದು ಕೆಲಸ ಮಾಡಬಹುದು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112. ಈ ಎರಡು ನಂಬರನ್ನು ಹಾಸ್ಟೆಲಿನ ಊಟದ ಕೋಣೆಯ ಗೋಡೆಗೆ, ಸ್ನಾನದ ಕೋಣೆಯ ಬಾಗಿಲ ಒಳಬದಿಗೆ ದೊಡ್ಡದಾಗಿ ಬರೆಯಿರಿ. ಸ್ನಾನದ ಕೋಣೆ ಯಾಕೆಂದರೆ, ಅಲ್ಲಿ ನಿಂತು ಓದುವುದನ್ನು ಯಾರೂ ನೋಡುವುದಿಲ್ಲ. ವಾರ್ಡನ್ ಒರೆಸಿದರೆ ಮತ್ತೆ ಬರೆಯಿರಿ. ಮತ್ತೆ ಒರೆಸಿದರೆ ಯಾಕೆ ಒರೆಸುತ್ತಾರೆ ಎಂದು ಎಲ್ಲರೂ ಕೂಡಿ ಕೇಳಿರಿ.

ಈಗ ನಿಮ್ಮ ಪ್ರಶ್ನೆ ಕೇಳಿ. ಎಲ್ಲರ ಮುಂದೆ ಕೇಳಲು ಆಗದವರು ಸಭೆ ಮುಗಿದ ಮೇಲೆ ಬನ್ನಿ. ನಮ್ಮಲ್ಲಿ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಗಂಡಸರು ಹಿಂದಿನ ಕೋಣೆಯಲ್ಲಿ ಬೇರೆ ಬೇರೆಯಾಗಿ ಕೂತಿರುತ್ತೇವೆ. ಎಷ್ಟು ಹೊತ್ತಾದರೂ ಕೂತಿರುತ್ತೇವೆ.

ಜೈಭೀಮ್.